ಮರಿಯ ಬುತ್ತಿ

ನಮ್ಮ ಮನೆಯಲ್ಲಿ ಮೊಟ್ಟೆಗೆ ಹೆಸರಿಲ್ಲ. ‘ಅದು’ ಅನ್ನುತ್ತೇವೆ. ‘ಅದು ತಂದ್ರಾ?’, ‘ಅದು ಬೆಂದಿತಾ?’, ‘ಅದರ ಪಾತ್ರೆ ಮುಟ್ಟಿದ ಕೈ ತೊಳ್ಕೊಂಡ್ರಾ?’ ಹೀಗೆ. ಸೊರಬದ ಹೈಸ್ಕೂಲಿನಲ್ಲಿ ವಿಜ್ಞಾನ ಹೇಳಿಕೊಡುವ ನಾನು ಬೋರ್ಡಿನ ಮೇಲೆ ದೊಡ್ಡ ಅಕ್ಷರದಲ್ಲಿ ಮೊಟ್ಟೆ ಎಂದು ಬರೆದು, ಬಣ್ಣದ ಚಾಕ್‌ಪೀಸಿನಲ್ಲಿ ಅದರ ಸೀಳುಚಿತ್ರ ತೆಗೆದು, ಒಂದೊಂದು ಭಾಗಕ್ಕೂ ಗೆರೆ ಎಳೆದು ಹೆಸರು ಬರೆಸುತ್ತೇನೆ. ಸಂಜೆ ಮನೆಗೆ ಬಂದರೆ ‘ಅದು’. ನಾನು ಹುಟ್ಟಿದ್ದು ಶಿಕಾರಿಪುರದಲ್ಲಿ, ಕೊರಳಲ್ಲಿ ಲಿಂಗ ಕಟ್ಟುವ ವ್ಯಾಪಾರಸ್ಥರ ಮನೆಯಲ್ಲಿ. ಸೊರಬಕ್ಕೆ ಸೊಸೆಯಾಗಿ ಬಂದ ಮನೆಯೂ ಅಂಥದ್ದೇ. ಸ್ಕೂಲಿನಲ್ಲಿ ಒಂದು ನಾಲಿಗೆ, ಮನೆಯಲ್ಲಿ ಇನ್ನೊಂದು ನಾಲಿಗೆ ಇಟ್ಟುಕೊಂಡು ಬದುಕುವುದು ನನಗೆ ಅಭ್ಯಾಸವಾಗಿತ್ತು. ಅದರಲ್ಲಿ ಗೊಂದಲ ಪಡುವಂಥದ್ದೇನೂ ನನಗೆ ಕಂಡಿರಲಿಲ್ಲ.

ಗೊಂದಲ ಶುರುವಾದದ್ದು ನನ್ನ ಮಗ ಬೆಳೆಯದೇ ನಿಂತಾಗ.

ಎರಡು ವರ್ಷ ತುಂಬುವವರೆಗೂ ಚೆನ್ನಾಗಿಯೇ ಇದ್ದ ಮಗು ಆಮೇಲೆ ಬೆಳೆಯುವುದನ್ನೇ ಮರೆತುಬಿಟ್ಟಿತು. ಅಂಗನವಾಡಿಯ ತಕ್ಕಡಿಯಲ್ಲಿ ಪ್ರತಿ ತಿಂಗಳೂ ಕೂರಿಸುತ್ತಿದ್ದರು. ಮುಳ್ಳು ಹೋದ ತಿಂಗಳು ಎಲ್ಲಿ ನಿಂತಿತ್ತೋ ಈ ತಿಂಗಳೂ ಅಲ್ಲೇ. ಪಕ್ಕೆಲುಬು ಕಾಣುತ್ತಿತ್ತು. ಅವನ ವಯಸ್ಸಿನ ಮಕ್ಕಳು ಬೀದಿಯಲ್ಲಿ ಓಡುತ್ತಿದ್ದರೆ ಇವನು ಜಗುಲಿಯ ಮೇಲೆ ಕೂತು ನೋಡುತ್ತಿದ್ದ. ಅದನ್ನು ಕಂಡರೆ ಆಗುವ ಸಂಕಟ ನನ್ನ ಬಾಯಿಗೆ ಬರುವಾಗ ಸಿಟ್ಟಾಗಿ ಬರುತ್ತಿತ್ತು. ಗಂಡನ ಮೇಲೆ, ಹಾಲಿನವನ ಮೇಲೆ, ಸಿಕ್ಕಿದವರ ಮೇಲೆಲ್ಲ ರೇಗುತ್ತಿದ್ದೆ.

ಕೊನೆಗೆ ತವರಿನ ಊರಿನ ಮಕ್ಕಳ ಡಾಕ್ಟರಿಗೆ ತೋರಿಸೋಣ ಅಂತ ಶಿಕಾರಿಪುರಕ್ಕೆ ಕರೆದುಕೊಂಡು ಹೋದೆ. ಅತ್ತೆಯೂ ಬಂದರು. ಮೊಮ್ಮಗನನ್ನು ಎಲ್ಲಿಗೇ ಒಯ್ದರೂ ಅವರು ಬರಲೇಬೇಕು. ಡಾಕ್ಟರು ಮಗುವಿನ ರೆಪ್ಪೆ ಬಿಡಿಸಿ ನೋಡಿದರು, ಹೊಟ್ಟೆ ಒತ್ತಿದರು, ಏನೇನು ತಿನ್ನಿಸುತ್ತೀರಿ ಅಂತ ಕೇಳಿದರು. ಆಮೇಲೆ ಅತ್ತೆಯ ಹಣೆಯ ಮೇಲಿನ ವಿಭೂತಿಯನ್ನು ಒಂದು ಗಳಿಗೆ ದಿಟ್ಟಿಸಿದರು.

“ಟಾನಿಕ್ ಬರ್ಕೊಡ್ತೀನ್ರಿ, ಆದ್ರೆ ಬರೀ ಟಾನಿಕ್ಕಿಂದ ಮಕ್ಕಳು ಬೆಳೆಯಲ್ಲ. ದಿನಕ್ಕೊಂದು ಮೊಟ್ಟೆ ಕೊಡ್ರಿ. ನಿಮ್ಮಲ್ಲಿ ನಡೆಯಲ್ಲ ಅಂತ ಗೊತ್ತು. ಔಷಧ ಅಂದ್ಕೊಂಡು ಕೊಡ್ರಿ.”

ಅತ್ತೆ ಎದ್ದು ನಡೆದುಬಿಡುತ್ತಾರೆ ಅಂದುಕೊಂಡಿದ್ದೆ. ಅವರು ಕೇಳಿದ್ದು ಒಂದೇ ಮಾತು.

“ಹಸೀದಾ, ಬೇಯಿಸಿದ್ದಾ?”

ತವರಿನಲ್ಲಿ ಈ ಸುದ್ದಿ ಹೇಳಿದ್ದೇ ತಡ, ಮನೆ ತುಂಬ ಮಾತು. ಮೆಕ್ಕೆಜೋಳದ ವ್ಯಾಪಾರದ ಅಪ್ಪ, “ಕೊಡ್ರಿ, ಆದ್ರೆ ಯಾರ ಮುಂದೂ ಬಾಯಿ ಬಿಡಬ್ಯಾಡ್ರಿ” ಅಂದರು. ಅಮ್ಮ ಬಾದಾಮಿ ಅರೆದು ಕುಡಿಸು, ರಾಗಿ ಮೊಳಕೆ ಕಟ್ಟು, ಅದರಿಂದಲೂ ಆಗದಿದ್ದರೆ ನೋಡೋಣ ಅಂದಳು. ಇಬ್ಬರ ಮಾತೂ ನನಗೆ ಸರಿ ಅನ್ನಿಸಿತು, ಇಬ್ಬರ ಮಾತೂ ತಪ್ಪು ಅನ್ನಿಸಿತು. ವಾಪಸು ಬಸ್ಸಿನಲ್ಲಿ ಅತ್ತೆ ಮಗುವಿನ ತಲೆಯನ್ನು ತೊಡೆಯ ಮೇಲಿಟ್ಟುಕೊಂಡು ಕಿಟಕಿಯ ಆಚೆ ನೋಡುತ್ತ ಕೂತಿದ್ದರು. ಶಿರಾಳಕೊಪ್ಪ ದಾಟಿದ ಮೇಲೆ ಬಾಯಿ ತೆರೆದರು.

“ಪಕ್ಕದ ಮನೇಲಿ ಕೋಳಿ ಅದಾವಲ್ಲ.”

ಅದು ಒಪ್ಪಿಗೆ ಅಂತ ನನಗೆ ಅರ್ಥವಾಗಲು ಸ್ವಲ್ಪ ಹೊತ್ತು ಹಿಡಿಯಿತು. “ಅತ್ತೆ, ನೀವು…” ಅಂದೆ.

“ಶಿವ ಬೈದ್ರೆ ನನ್ನ ಬೈಲಿ ಬಿಡವ್ವ. ಕೂಸಿಗೇನು ಗೊತ್ತಾಗ್ತೈತೆ.”

ನನ್ನ ಅತ್ತೆ ತೊಗರ್ಸಿಯ ಕಡೆಯವರು. ಒಕ್ಕಲುತನದ ಮನೆಯಲ್ಲಿ ದನಕರುಗಳ ನಡುವೆ ಬೆಳೆದವರು. ಬೆಳಿಗ್ಗೆ ಸ್ನಾನ, ಲಿಂಗಪೂಜೆ ಆಗುವವರೆಗೆ ಒಂದು ಗುಟುಕು ನೀರೂ ಕುಡಿಯುವುದಿಲ್ಲ. ಅಂಥವರು ಈ ಕೆಲಸ ಪೂರ್ತಿ ತಮ್ಮ ಕೈಗೆ ತೆಗೆದುಕೊಂಡರು. ನಾನು ಮಾಡುತ್ತೇನೆ ಅಂದರೆ, “ನೀನು ಇಸ್ಕೂಲಿಗೆ ಹೋಗಾಕಿ, ಸುಮ್ನಿರು” ಅಂದರು. ಹಿತ್ತಲಲ್ಲಿ ನೀರು ಕಾಯಿಸುವ ಒಲೆಯ ಮೇಲೆ, ಹಿಡಿ ಸೊಟ್ಟಗಾದ ಒಂದು ಅಲ್ಯುಮಿನಿಯಂ ಪಾತ್ರೆಯಲ್ಲಿ ‘ಅದು’ ಬೇಯುತ್ತಿತ್ತು. ಪಾತ್ರೆ ಹೊರಗೋಡೆಯ ಮೊಳೆಗೆ ನೇತುಬಿದ್ದಿರುತ್ತಿತ್ತು, ಒಳಗೆ ಬರುವಂತಿರಲಿಲ್ಲ. ಮಗುವಿಗೆ ತಿನ್ನಿಸಿ ಆದಮೇಲೆ ಅತ್ತೆ ಇನ್ನೊಂದು ಸಲ ಸ್ನಾನ ಮಾಡುತ್ತಿದ್ದರು. ಪಕ್ಕದ ಮನೆಯ ಹೆಂಗಸು ಸೆರಗಿನಲ್ಲಿ ಮುಚ್ಚಿಕೊಂಡು ತಂದುಕೊಟ್ಟು, ಏನೂ ಆಗಿಲ್ಲ ಅನ್ನುವ ಹಾಗೆ ಮಳೆಯ ಮಾತು ಆಡಿ ಹೋಗುತ್ತಿದ್ದಳು. ಇಷ್ಟೆಲ್ಲ ನೋಡಿ ನನಗೆ ಅತ್ತೆಯ ಮೇಲೆ ಅಭಿಮಾನ ಉಕ್ಕಿತು. ಇಷ್ಟು ಸಲೀಸಾಗಿ ಹೇಗೆ ಒಪ್ಪಿದರು ಅನ್ನುವ ಅನುಮಾನವೂ ಒಳಗೊಳಗೇ ಇತ್ತು.

ಮತ್ತೆ ಡಾಕ್ಟರ ಹತ್ತಿರ ಹೋದಾಗ ಮಗುವಿನ ತೂಕ ಒಂದಿಷ್ಟೂ ಏರಿರಲಿಲ್ಲ.

“ಮೊಟ್ಟೆ ಕೊಡ್ತಿದೀರಾ?”

“ದಿನಾ ಕೊಡ್ತಿದೀವಿ.”

“ಹಳದೀನೂ ತಿಂತಾನಲ್ರಿ? ಕೆಲವು ಮಕ್ಕಳು ಬರೀ ಬಿಳಿದು ತಿಂದು ಹಳದಿ ಉಗುಳ್ತಾವೆ. ಹಳದೀಲೇ ಕೊಬ್ಬು, ವಿಟಮಿನ್ನು ಎಲ್ಲಾ ಇರೋದು.”

ಎಂದೂ ತಪ್ಪಿಸದ ಅತ್ತೆ ಆವತ್ತು ಬಂದಿರಲಿಲ್ಲ. ತಿನ್ನುತ್ತಾನೆ ಅಂದೆ. ಹೇಳಿದ ಮೇಲೆ, ನಾನು ಕಣ್ಣಾರೆ ನೋಡಿಲ್ಲವಲ್ಲ ಅಂತ ಹೊಳೆಯಿತು. ಸಿಪ್ಪೆ ಬಿಡಿಸುವುದು, ತಿನ್ನಿಸುವುದೆಲ್ಲ ನಾನು ಸ್ಕೂಲಿಗೆ ಹೋದಮೇಲೆಯೇ ನಡೆಯುತ್ತಿತ್ತು.

ಮುಂದಿನ ರಜೆಯ ದಿನ ಬಚ್ಚಲ ಬಾಗಿಲಿನ ಹಿಂದೆ ನಿಂತು ನೋಡಿದೆ. ಅತ್ತೆ ಬೆಂದ ಮೊಟ್ಟೆಯ ಸಿಪ್ಪೆ ಬಿಡಿಸಿದರು, ದಾರದಿಂದ ಎರಡು ಹೋಳು ಮಾಡಿದರು, ಒಳಗಿನ ಹಳದಿ ಉಂಡೆಯನ್ನು ಬೆರಳು ತಾಗಿಸದೆ ಒಂದು ಎಲೆಯ ಮೇಲೆ ಉರುಳಿಸಿಕೊಂಡರು. ಬಿಳಿಯದನ್ನು ತಟ್ಟೆಯಲ್ಲಿಟ್ಟು ಮುಚ್ಚಿ, ಎಲೆ ಹಿಡಿದುಕೊಂಡು ಕರಿಬೇವಿನ ಗಿಡದ ಬುಡಕ್ಕೆ ಹೋದರು. ಅಲ್ಲಿ ಕೈಯಿಂದ ಸಣ್ಣ ಗುಂಡಿ ತೋಡಿ, ಎಲೆಯ ಸಮೇತ ಒಳಗಿಟ್ಟು, ಸೊಂಟದಿಂದ ವಿಭೂತಿಯ ಗಟ್ಟಿ ತೆಗೆದು ಚೂರು ಉದುರಿಸಿ, ಮಣ್ಣು ಮುಚ್ಚಿ ಕೈ ಮುಗಿದರು.

ನಮ್ಮಲ್ಲಿ ಸತ್ತವರನ್ನು ಸುಡುವುದಿಲ್ಲ, ಮಣ್ಣಿಗಿಡುತ್ತೇವೆ. ವಿಭೂತಿ ಹಾಕಿ ಮುಚ್ಚುತ್ತೇವೆ. ನನಗೆ ಎಲ್ಲವೂ ಒಮ್ಮೆಲೇ ತಿಳಿಯಿತು.

“ಅತ್ತೆ, ಏನ್ಮಾಡ್ತಿದೀರಿ?”

ಅವರು ಬೆಚ್ಚಲಿಲ್ಲ. “ನೋಡಿದ್ಯಾ? ಇನ್ನೇನು ಮಾಡ್ಲವ್ವ. ಮರಿ ಅಲ್ಲೇನು. ಕಸದಾಗೆ ಎಸೆಯಾಕೆ ಮನಸು ಬರಲಿಲ್ಲ. ಬಿಳೀದು ಬರೀ ಲೋಳೆ, ಅದ್ರಾಗೆ ಜೀವ ಇರಲ್ಲ, ಅದನ್ನ ಕೂಸಿಗೆ ಕೊಡ್ತೀನಿ. ಮರೀಗೆ ನಮ್ಮ ಪದ್ಧತಿ ಪ್ರಕಾರ ಮಣ್ಣು ಕೊಡ್ತೀನಿ.”

ನನಗೆ ನಗು ಬಂತು. ಮರುಗಳಿಗೆಯಲ್ಲೇ ಮೈಯೆಲ್ಲ ಉರಿಯಿತು. ನನ್ನ ಮಗನ ಮೈಗೆ ಹತ್ತಬೇಕಾದದ್ದೆಲ್ಲ ಕರಿಬೇವಿಗೆ ಹತ್ತಿತ್ತು. ಗಿಡ ಕೊಬ್ಬಿ ನಿಂತಿತ್ತು. ಬೀದಿಯವರೆಲ್ಲ ಒಗ್ಗರಣೆಗೆ ಅಂತ ಬಂದು ಎಲೆ ಕಿತ್ತುಕೊಂಡು ಹೋಗುತ್ತಿದ್ದರು. ಅಷ್ಟು ದಿನದ ಅಷ್ಟೂ ಸಮಾಧಿಗಳ ಮುಂದೆ ನಿಂತು ಅತ್ತೆಯನ್ನು ಬೈಯಬೇಕೋ, ಅವರ ಕಾಲು ಹಿಡಿಯಬೇಕೋ ನನಗೆ ತೋಚಲಿಲ್ಲ. ಯಾವುದೂ ತೋಚದಿದ್ದಾಗ ನನಗೆ ಬರುವುದು ಪಾಠ ಮಾಡುವುದೊಂದೇ. ಒಲೆಯಿಂದ ಇದ್ದಿಲು ತೆಗೆದು ಒಗೆಯುವ ಕಲ್ಲಿನ ಮೇಲೆ ಮೊಟ್ಟೆ ಬರೆದೆ.

“ನೋಡಿ ಅತ್ತೆ. ಹಳದಿ ಮರಿಯಲ್ಲ. ಹಳದಿಯ ಮೇಲೊಂದು ಸಣ್ಣ ಬಿಳಿ ಚುಕ್ಕೆ ಇರುತ್ತೆ. ತಾಯಿ ಕಾವು ಕೊಟ್ರೆ ಮರಿಯಾಗೋದು ಆ ಚುಕ್ಕೆ. ಮರಿ ಒಳಗೇ ಕೂತಿರುತ್ತಲ್ಲ, ಅದಕ್ಕೆ ಹೊರಗಿಂದ ಯಾರು ಊಟ ತಂದು ಕೊಡ್ತಾರೆ? ಅದಕ್ಕೇ ಕೋಳಿ ಮೊದಲೇ ಬುತ್ತಿ ಕಟ್ಟಿ ಇಟ್ಟಿರುತ್ತೆ. ಆ ಬುತ್ತಿನೇ ಈ ಹಳದಿ.”

ಅತ್ತೆ ಕಲ್ಲಿನ ಹತ್ತಿರ ಬಂದು ಕುಕ್ಕುರುಗಾಲಲ್ಲಿ ಕೂತರು. ನನಗೆ ಹುರುಪು ಬಂತು. ಚುಕ್ಕೆಯಿಂದ ರಕ್ತನಾಳಗಳು ಹೊರಟು ಹಳದಿಯ ಮೇಲೆಲ್ಲ ಬಲೆಯ ಹಾಗೆ ಹರಡುವುದನ್ನು ಬರೆದು ತೋರಿಸಿದೆ. ಆ ನಾಳಗಳ ದಾರಿಯಲ್ಲೇ ಊಟ ಮರಿಗೆ ಹೋಗುತ್ತದೆ, ಮೂಳೆ, ಕಣ್ಣು, ರೆಕ್ಕೆ ಎಲ್ಲ ಆ ಬುತ್ತಿಯಿಂದಲೇ ಆಗುತ್ತವೆ, ಬಿಳಿಯದು ಮೆತ್ತೆಯ ಹಾಗೆ ಸುತ್ತ ಇದ್ದು ನೀರು, ಸತ್ವ ಎರಡನ್ನೂ ಕೊಡುತ್ತದೆ ಅಂದೆ. ಒಡೆದು ಹೊರಗೆ ಬರುವ ಮುಂಚೆ ಮಿಕ್ಕ ಹಳದಿಯನ್ನು ಮರಿ ತನ್ನ ಹೊಟ್ಟೆಯೊಳಗೇ ಎಳೆದುಕೊಳ್ಳುತ್ತದೆ, ಅದಕ್ಕೇ ಹೊರಗೆ ಬಂದು ಒಂದೆರಡು ದಿನ ಏನೂ ತಿನ್ನದಿದ್ದರೂ ಬದುಕಿರುತ್ತದೆ ಅಂದೆ.

“ಹೌದು” ಅಂದರು ಅತ್ತೆ. “ಬುಟ್ಟೀಲಿ ಮರಿ ಮಾರಾಕೆ ಬರೋನು ಕಾಳು ಹಾಕಿದ್ದು ನಾ ಕಂಡಿಲ್ಲ.” ಸ್ವಲ್ಪ ತಡೆದು, “ಮನುಷರ ಕೂಸಿಗೆ?” ಅಂದರು.

“ನಮ್ಮಲ್ಲೂ ಮೊದಮೊದಲು ಅಂಥದ್ದೇ ಒಂದು ಚೀಲ ಆಗುತ್ತೆ. ಆದ್ರೆ ಅದರಲ್ಲಿ ಬುತ್ತಿ ಇರಲ್ಲ ಅಂತಲೇ ಹೇಳಬೇಕು. ಸುತ್ತಲೂ ತಾಯಿನೇ ಇರುವಾಗ ಬುತ್ತಿ ಯಾಕೆ?”

ಸ್ಕೂಲಿನಲ್ಲೂ ನಾನು ಇಷ್ಟು ಚೆನ್ನಾಗಿ ಪಾಠ ಮಾಡಿದ್ದಿಲ್ಲ. ಇನ್ನು ಎಲ್ಲ ಸರಿಹೋಯಿತು ಅಂದುಕೊಂಡು ಕೈ ಒರೆಸಿಕೊಂಡೆ. ಅತ್ತೆ ಮಾತ್ರ ಕಲ್ಲಿನ ಮೇಲಿನ ಚಿತ್ರ ನೋಡುತ್ತಲೇ ಇದ್ದರು.

“ಮರಿ ಅಂದ್ಕೊಂಡಿದ್ದಾಗ ಒಂದು ಸಮಾಧಾನ ಇತ್ತವ್ವ, ಸತ್ತಿದ್ದಕ್ಕೆ ಮಣ್ಣು ಕೊಟ್ಟೆ ಅಂತ. ಈಗ ಬುತ್ತಿ ಅಂತೀಯ. ಒಂದು ಕೂಸಿನ ಬುತ್ತಿ ಬಿಚ್ಚಿ ಇನ್ನೊಂದು ಕೂಸಿಗೆ ಉಣಿಸಾದು ಹೆಂಗವ್ವ?”

ಕೊಲ್ಲುವುದರ ಬಗ್ಗೆ ಯಾರಾದರೂ ಕೇಳಿದರೆ ನನ್ನ ಹತ್ತಿರ ಉತ್ತರವಿತ್ತು. ಕಸಿದುಕೊಳ್ಳುವುದರ ಬಗ್ಗೆ ಯಾರೂ ಕೇಳಿರಲಿಲ್ಲ. ಕೊನೆಗೆ ಹಾಲಿನ ಮಾತು ತೆಗೆದೆ. “ಹಾಲೂ ಕರುವಿನ ಊಟ ಅಲ್ವಾ ಅತ್ತೆ? ಅದನ್ನ ಕುಡೀತೀವಲ್ಲ.”

“ಕುಡೀತೀವಿ. ನಮ್ಮ ತೊಗರ್ಸಿ ಮನೇಲಿ ಒಂದು ಮೊಲೆ ಕರಕ್ಕೆ ಅಂತ ಬಿಟ್ಟೇ ಕರೀತಿದ್ವಿ. ಪೂರಾ ಹಿಂಡಿದ್ರೆ ನಮ್ಮಪ್ಪ ಸುಮ್ನೆ ಬಿಡ್ತಿರಲಿಲ್ಲ. ಇದ್ರಾಗೆ ಏನು ಬಿಡಾಕೆ ಬರ್ತೈತೆ?”

ಅಂಗಡಿಯ ಮೊಟ್ಟೆಯ ವಿಷಯ ಆಗ ನನಗೆ ನೆನಪಾಯಿತು. ಪಕ್ಕದ ಮನೆಯಲ್ಲಿ ಹುಂಜ ಇದೆ, ಆ ಮೊಟ್ಟೆಯಲ್ಲಿ ಮರಿಯಾಗುವ ಚುಕ್ಕೆ ಇರಬಹುದು. ಫಾರಂ ಕೋಳಿಯ ಹತ್ತಿರ ಹುಂಜ ಸುಳಿಯುವುದೇ ಇಲ್ಲ, ಅದರಲ್ಲಿ ಮರಿಯೇ ಆಗುವುದಿಲ್ಲ, ಯಾರ ಬುತ್ತಿಯನ್ನೂ ಕಸಿದ ಹಾಗಾಗುವುದಿಲ್ಲ. ಇದನ್ನು ಹೇಳಿದಾಗ ಅತ್ತೆಯ ಮುಖ ಇನ್ನಷ್ಟು ಸಣ್ಣಗಾಯಿತು.

“ಹಂಗಾರೆ ಯಾರೂ ಬರದೇ ಇರೋ ಮನೆಗೆ ದಿನಾ ಬುತ್ತಿ ಕಟ್ತೈತಾ ಅದು? ಪಾಪ, ಅದಕ್ಕೆ ಗೊತ್ತೂ ಇಲ್ಲ.”

ನನಗೆ ತಲೆ ಕೆಟ್ಟುಹೋಯಿತು. ಒಂದು ಬಾಗಿಲು ಮುಚ್ಚಿದರೆ ಈ ಹೆಂಗಸು ಇನ್ನೊಂದು ಬಾಗಿಲಲ್ಲಿ ನಿಂತಿರುತ್ತಾರೆ. ನನ್ನ ಮಗನ ಪಕ್ಕೆಲುಬಿನ ಮುಂದೆ ನನಗೆ ಯಾವ ಕೋಳಿಯ ದುಃಖವೂ ಬೇಕಿರಲಿಲ್ಲ. “ಅತ್ತೆ, ನಿಮ್ಮ ಮೊಮ್ಮಗ ಬೇಕೋ ಬೇಡವೋ ಅಷ್ಟು ಹೇಳಿ” ಅಂದುಬಿಟ್ಟೆ. ಗಡಸಾಗಿಯೇ ಅಂದೆ. ಅವರು ಎದ್ದು ಸೀರೆ ಕೊಡವಿಕೊಂಡು, “ನಾಳಿಂದ ಹಳದಿ ಕೊಡ್ತೀನಿ” ಅಂದರು.

ಆಮೇಲೆ ಮೊಟ್ಟೆ ತರುವುದು ನನ್ನ ಗಂಡನ ಪಾಲಿಗೆ ಬಂತು. ಸೊರಬದ ಪೇಟೆಯಲ್ಲಿ ಪಂಪ್‌ಸೆಟ್ಟಿನ ಅಂಗಡಿ ಇಟ್ಟವರು, ಊರೆಲ್ಲ ಗುರುತು. ಇಲ್ಲಿ ಮೊಟ್ಟೆ ಕೊಂಡರೆ ಸಂಜೆಯೊಳಗೆ ಸುದ್ದಿ. ಅದಕ್ಕೇ ಸಾಮಾನು ತರಲು ಶಿಕಾರಿಪುರಕ್ಕೆ ಹೋದಾಗ ಅಲ್ಲಿಂದ ಪಂಪಿನ ಖಾಲಿ ಪೆಟ್ಟಿಗೆಯಲ್ಲಿ ಹುಲ್ಲು ಹಾಸಿ ಇಟ್ಟು ತರುತ್ತಿದ್ದರು. ಆ ಪೆಟ್ಟಿಗೆಯನ್ನು ಎದೆಗವಚಿಕೊಂಡು ಹಿತ್ತಲ ಬಾಗಿಲಿನಿಂದ ಬರುವಾಗ ಅವರ ಮುಖ ನೋಡಬೇಕಿತ್ತು. ಅತ್ತೆ, ನಾನು ಕಣ್ಣಾರೆ ನೋಡಲಿ ಅಂತ, ತಿನ್ನಿಸುವ ಹೊತ್ತನ್ನು ಸಂಜೆಗೆ ಬದಲಾಯಿಸಿದರು. ದೀಪ ಹಚ್ಚಿದ ಮೇಲೆ ಬಿಸಿ ಅನ್ನಕ್ಕೆ ತುಪ್ಪ, ಉಪ್ಪು, ಚಿಟಿಕೆ ಮೆಣಸಿನ ಪುಡಿ ಹಾಕಿ, ಹಳದಿಯನ್ನು ಪುಡಿ ಮಾಡಿ ಕಲಸುತ್ತಿದ್ದರು. “ಬಾರಪ್ಪ, ಬುತ್ತಿ ಉಣ್ಣು ಬಾ” ಅಂತ ಕರೆಯುತ್ತಿದ್ದರು. ಮಗ ಬಾಯಿ ಚಪ್ಪರಿಸಿ ತಿನ್ನುತ್ತಿದ್ದ. ಅಂಗನವಾಡಿಯ ಮುಳ್ಳು ಕೊನೆಗೂ ಅಲುಗಾಡಿತು. ಕೆನ್ನೆ ತುಂಬಿಕೊಂಡಿತು. ಒಂದು ದಿನ ಜಗುಲಿಯಿಂದ ಇಳಿದು ಬೀದಿಯಲ್ಲಿ ನಾಯಿಮರಿಯ ಹಿಂದೆ ಓಡಿದ. ನಾನು ಅಡುಗೆಮನೆಯ ಕಿಟಕಿಯಲ್ಲಿ ನಿಂತು ಖುಷಿಗೆ ಅತ್ತುಬಿಟ್ಟೆ.

ಆ ಖುಷಿಯಲ್ಲಿ ನಾನು ಬೇರೆ ಏನನ್ನೂ ಸರಿಯಾಗಿ ನೋಡಲಿಲ್ಲ. ಪಕ್ಕದ ಮನೆಯ ಕೋಳಿಗಳು ಬೆಳಗಾದರೆ ನಮ್ಮ ಹಿತ್ತಲಿಗೆ ಬರತೊಡಗಿದ್ದವು. ಅತ್ತೆ ಏನೋ ಮುರಿದು ಮುರಿದು ಹಾಕುತ್ತಿದ್ದರು.

“ಎಂತ ಮಾರಾಯ್ತಿ, ನಮ್ಮ ಕೋಳಿಗೆಲ್ಲ ನಿಮ್ಮನೇನೇ ಬಿಡಾರ ಆಯ್ತಲ್ಲ. ಮೊಟ್ಟೆ ತಗಳೋದು ನಿಲ್ಸಿದ ಮೇಲೆ ನಿಮ್ಮತ್ತೆಗೆ ಪ್ರೀತಿ ಜಾಸ್ತಿ ಆಗಿದೆ” ಅಂತ ಪಕ್ಕದ ಮನೆಯವಳು ನಕ್ಕಳು. ನಾನೂ ನಕ್ಕೆ.

ಮಳೆಗಾಲದ ಒಂದು ಭಾನುವಾರ ಎಲ್ಲರೂ ಗುಡವಿಯ ಪಕ್ಷಿಧಾಮಕ್ಕೆ ಹೋದೆವು. ಕೆರೆಯ ನೀರಿನಲ್ಲಿ ನಿಂತ ಮರಗಳ ತುಂಬ ಹಕ್ಕಿ, ಗೂಡಿನ ಮೇಲೆ ಗೂಡು, ಕಿವಿಗಡಚಿಕ್ಕುವ ಗಲಾಟೆ. ವಾಸನೆಗೆ ನನ್ನ ಗಂಡ ಮೂಗು ಮುಚ್ಚಿಕೊಂಡರು. ಅತ್ತೆ ಕಟ್ಟೆಯ ಮೇಲೆ ಕೂತವರು ಏಳಲೇ ಇಲ್ಲ. ಹತ್ತಿರದ ಮರದಲ್ಲಿ ಬಿಳಿ ಹಕ್ಕಿಯೊಂದು ಬಂದು ಕೂತಿತು, ಮರಿಗಳು ಕೊಕ್ಕು ತೆರೆದು ಅದರ ಗಂಟಲಿಗೇ ನುಗ್ಗಿದವು, ಅದು ನುಂಗಿದ್ದನ್ನೆಲ್ಲ ಕಕ್ಕಿ ಅವುಗಳ ಬಾಯಿಗೆ ಹಾಕಿತು.

“ಇವಕ್ಕೆ ಬುತ್ತಿ ಕಟ್ಟಿರಲಿಲ್ವಾ?” ಅಂದರು ಅತ್ತೆ.

“ಇವುಗಳ ಮೊಟ್ಟೇಲಿ ಹಳದಿ ಕಮ್ಮಿ ಅತ್ತೆ. ಅದಕ್ಕೇ ಮರಿ ಎದ್ದು ನಿಲ್ಲೋಕೂ ಆಗದಷ್ಟು ಎಳಸಾಗಿ ಹುಟ್ಟುತ್ತೆ. ಕೋಳಿ, ಬಾತುಕೋಳಿ ಮೊಟ್ಟೇಲಿ ಹಳದಿ ಜಾಸ್ತಿ. ಅದರ ಮರಿ ಹುಟ್ಟಿದ ಕೂಡಲೇ ಓಡಾಡುತ್ತೆ. ಬುತ್ತಿ ಕಮ್ಮಿ ಕಟ್ಟಿದ್ರೆ ಆಮೇಲೆ ಬಾಯಿಂದ ಬಾಯಿಗೆ ಕೊಡಬೇಕು.”

“ತಾನು ನುಂಗಿದ್ದನ್ನೇ ಕೊಡ್ತೈತಲ್ಲ” ಅಂದರು. ನನಗೋ ತಮಗೋ ಹೇಳಿದ್ದು ತಿಳಿಯಲಿಲ್ಲ. ಮಗನನ್ನು ಎತ್ತಿಕೊಳ್ಳಲು ಕೈ ಎತ್ತಿದಾಗ ಅವರ ಬಳೆಗಳು ಮೊಣಕೈವರೆಗೆ ಜಾರಿದವು. ಇಷ್ಟು ಸಡಿಲ ಯಾವಾಗ ಆದವು ಅಂತ ಅನ್ನಿಸಿತು, ಅಷ್ಟರಲ್ಲಿ ಮಗ ನೀರಿನ ಕಡೆ ಓಡಿದ, ನಾನು ಅವನ ಹಿಂದೆ ಓಡಿದೆ.

ಗುಡವಿಯಿಂದ ಬಂದ ಕೆಲವು ದಿನಕ್ಕೆ ಮಗ ರಾತ್ರಿಯ ಊಟ ಬಿಡತೊಡಗಿದ. ಬೆಳಿಗ್ಗೆ ತಿನ್ನುತ್ತಿದ್ದ, ಮಧ್ಯಾಹ್ನ ತಿನ್ನುತ್ತಿದ್ದ, ಸಂಜೆ ತಟ್ಟೆ ಮುಂದಿಟ್ಟರೆ ಮುಖ ತಿರುವುತ್ತಿದ್ದ. ಅದೂ ಹಳದಿ ಕಲಸಿದ ಊಟವನ್ನೇ. ಜಂತುಹುಳುವಿನ ಔಷಧ ಹಾಕಿಸಿದೆ. ಅತ್ತೆ ಒಣಮೆಣಸಿನಕಾಯಿ, ಉಪ್ಪು ನಿವಾಳಿಸಿ ದೃಷ್ಟಿ ತೆಗೆದರು. ಮೊಟ್ಟೆ ಹೊಂದುತ್ತಿಲ್ಲವೇನೋ ಅಂತ ಅಮ್ಮ ಫೋನಿನಲ್ಲಿ ಹೇಳಿದಳು, ಬಾದಾಮಿ ಅರೆ ಅಂದಿದ್ದೆನಲ್ಲ ಅಂತ ಸೇರಿಸಿದಳು. ತೂಕ ಮತ್ತೆ ನಿಂತಿತು, ಆಮೇಲೆ ತುಸು ಇಳಿಯಿತು. ನನಗೆ ಭಯವಾಯಿತು. ಒಂದು ದಿನ ಹೊಡೆಯಲು ಕೈಯೆತ್ತಿದೆ. ಅವನು ಅಳಲಿಲ್ಲ. ನನ್ನನ್ನೇ ನೋಡುತ್ತ, ಪುಟ್ಟ ಅಂಗೈಯನ್ನು ತಟ್ಟೆಯ ಮೇಲೆ ಮುಚ್ಚಿ, “ನಂದಾತು. ನೀವು ಉಣ್ರಿ” ಅಂದ.

ನನ್ನ ಗಂಡ ಹೋ ಅಂತ ನಕ್ಕರು. ದೊಡ್ಡವರ ಮಾತು ಮಗುವಿನ ಬಾಯಲ್ಲಿ ಕೇಳಿ ಯಾರಿಗಾದರೂ ನಗು ಬರಬೇಕು. ನನಗೆ ಮಾತ್ರ ಆ ದನಿ ಎಲ್ಲೋ ಕೇಳಿದ್ದು ಅನ್ನಿಸಿತು.

“ಯಾರು ಹಂಗೆ ಅಂತಾರೆ ಕಂದ?”

“ಅಜ್ಜಿ. ಅಜ್ಜಿ ಉಣ್ಣಲ್ಲ. ಅಜ್ಜಿ ರೊಟ್ಟಿ ಕೋಳಿಗೆ.”

ನಮ್ಮ ಮನೆಯಲ್ಲಿ ಎಲ್ಲರಿಗೂ ಬಡಿಸಿ, ಎಲ್ಲರೂ ಎದ್ದ ಮೇಲೆ, ಅಡುಗೆಮನೆಯಲ್ಲಿ ಒಬ್ಬರೇ ಕೂತು ಉಣ್ಣುವುದು ಅತ್ತೆಯ ರೂಢಿ. ಎಷ್ಟು ಹೇಳಿದರೂ ಬಿಟ್ಟಿರಲಿಲ್ಲ. ಉಂಡ್ರಾ ಅಂದರೆ, “ನಂದಾತು” ಅನ್ನುತ್ತಿದ್ದರು. ಉಂಡಿದ್ದನ್ನು ಕಂಡವರು ಯಾರೂ ಇರಲಿಲ್ಲ. ಆ ಹೊತ್ತಿನಲ್ಲಿ ಅವರ ಬೆನ್ನಿಗೆ ಜೋತುಬಿದ್ದಿರುತ್ತಿದ್ದ ಮೊಮ್ಮಗನೊಬ್ಬನೇ ಕಂಡಿದ್ದ.

ಅಡುಗೆಮನೆಗೆ ಹೋದೆ. ಜೋಳದ ರೊಟ್ಟಿಗಳನ್ನು ಬಟ್ಟೆಯಲ್ಲಿ ಸುತ್ತಿ ಡಬ್ಬಿಗೆ ಹಾಕುತ್ತಿದ್ದರು.

“ಎಷ್ಟು ದಿನದಿಂದ ಅತ್ತೆ?”

“ಏನು?”

“ರಾತ್ರಿ ಊಟ ಬಿಟ್ಟಿರೋದು.”

“ಹೊಟ್ಟೆ ಭಾರ” ಅಂದರು. ನಾನು ಅಲ್ಲಿಂದ ಕದಲಲಿಲ್ಲ. ಗಂಡನೂ ಬಂದು ಬಾಗಿಲಲ್ಲಿ ನಿಂತರು. ಅತ್ತೆ ಡಬ್ಬಿಯ ಮುಚ್ಚಳ ಹಾಕಿ, ಅದರ ಮೇಲೆ ಕೈಯಿಟ್ಟುಕೊಂಡು ಹೇಳಿದರು.

“ಕರಕ್ಕೆ ಒಂದು ಮೊಲೆ ಬಿಡ್ತಿದ್ವಿ. ಇದಕ್ಕೆ ಏನು ಬಿಡಾದು ಅಂತ ಭಾಳ ಯೋಚನೆ ಮಾಡಿದೆ. ಆ ಹಳದೀಲಿ ಅರ್ಧ ಬಿಟ್ರೆ ಅದು ಮರೀಗೆ ಮುಟ್ಟಲ್ಲ, ನಮ್ಮ ಕೂಸಿಗೂ ಕಮ್ಮಿ ಆಗ್ತೈತೆ. ನನ್ನ ತಾವ ನಂದು ಅಂತ ಇರಾದು ನನ್ನ ಊಟ ಒಂದೇ. ಅದನ್ನ ತಗದು ಕೋಳಿಗೆ ಹಾಕ್ತೀನಿ. ಯಾವ ಕೋಳಿ ಬುತ್ತಿ ತಗಂಡ್ವೋ ಆ ಕೋಳಿಗೆ ಮುಟ್ಟಲ್ಲ ಅಂತ ಗೊತ್ತು. ಕೋಳಿ ಜಾತಿಗಾದ್ರೂ ಮುಟ್ಲಿ.”

“ಅವ್ವಾ, ನಿನಗೆ ತಲೆಗಿಲೆ ಕೆಟ್ಟೈತಾ?” ಅಂದರು ನನ್ನ ಗಂಡ.

ನನಗೆ ಯಾರ ಮೇಲೆ ಸಿಟ್ಟು ಮಾಡಬೇಕೋ ತಿಳಿಯಲಿಲ್ಲ. ಹಳದಿಯೇ ಮರಿ ಅಂತ ತಿಳಿದಿದ್ದಾಗ ಅವರು ಹೊಟ್ಟೆ ತುಂಬ ಉಂಡು ಮಲಗುತ್ತಿದ್ದರು. ನಾನು ನಿಜ ಹೇಳಿದ ಮೇಲೆ ಉಪವಾಸ ಬಿದ್ದರು. ನಿಜ ಹೇಳಿದ್ದರಿಂದ ಮಗ ಬೆಳೆದ, ಅದೇ ನಿಜದಿಂದ ಅತ್ತೆ ಸೊರಗಿದರು, ಅವರು ಸೊರಗಿದ್ದನ್ನು ನೋಡಿ ಮಗ ಮತ್ತೆ ಸೊರಗುತ್ತಿದ್ದ. ಇದರಲ್ಲಿ ಎಲ್ಲಿ ಕೈಹಾಕಿ ಯಾವ ಎಳೆ ಬಿಡಿಸಬೇಕು? ಇಷ್ಟು ವರ್ಷ ಮಕ್ಕಳಿಗೆ ಆ ಚಿತ್ರ ಬರೆಸಿ ಗೆರೆ ಎಳೆಸಿದ್ದೆ. ಆ ಗೆರೆ ಇಲ್ಲಿಯವರೆಗೆ ಬರುತ್ತದೆ ಅಂತ ನನಗೆ ಗೊತ್ತಿರಲಿಲ್ಲ.

“ಅತ್ತೆ, ಅವನು ನಿಮ್ಮನ್ನ ನೋಡಿ ಬಿಡ್ತಿದಾನೆ” ಅಂದೆ. “ಜಂತು ಅಲ್ಲ, ದೃಷ್ಟಿ ಅಲ್ಲ. ನೀವು ಉಣ್ಣಲ್ಲ ಅಂತ ಅವನೂ ಉಣ್ತಿಲ್ಲ.”

ಅವರ ಕೈ ಡಬ್ಬಿಯ ಮೇಲೆ ಹಾಗೇ ನಿಂತಿತು. ಇದು ಅವರ ಲೆಕ್ಕದಲ್ಲಿ ಇರಲಿಲ್ಲ. ತಮ್ಮ ಪಾಲನ್ನಷ್ಟೇ ಕೊಡುತ್ತಿದ್ದೇನೆ ಅಂತ ಅವರು ನಂಬಿದ್ದರು. ಆಮೇಲೆ ಡಬ್ಬಿಯಿಂದ ರೊಟ್ಟಿ ತೆಗೆದು, ತಟ್ಟೆಗೆ ಹಾಕಿಕೊಂಡು, ಪಲ್ಯ ಬಡಿಸಿಕೊಂಡು ಹೊರಗೆ ಪಡಸಾಲೆಗೆ ಬಂದರು. ನಾನು ಸೊಸೆಯಾಗಿ ಬಂದಮೇಲೆ ಮೊದಲ ಸಲ ಅವರು ಎಲ್ಲರ ಜೊತೆ ಊಟಕ್ಕೆ ಕೂತರು, ಮೊಮ್ಮಗನ ಪಕ್ಕದಲ್ಲಿ.

“ನೋಡಪ್ಪ, ಅಜ್ಜಿ ಉಣ್ತಾಳೆ” ಅಂತ ರೊಟ್ಟಿ ಮುರಿದು ಬಾಯಿಗಿಟ್ಟುಕೊಂಡರು. ಮಗ ಅವರ ದವಡೆ ಆಡುವುದನ್ನೇ ನೋಡಿದ. ಅವರು ತುತ್ತು ಮಾಡಿ ಅವನ ಬಾಯಿಯ ಹತ್ತಿರ ಹಿಡಿದರು. ಅವನು ಬಾಯಿ ತೆರೆಯಲಿಲ್ಲ. ತನ್ನ ತಟ್ಟೆಗೆ ಕೈಹಾಕಿ, ಅನ್ನದ ನಡುವೆ ಪುಡಿಯಾಗದೆ ಉಳಿದಿದ್ದ ಹಳದಿಯ ಒಂದು ತುಂಡನ್ನು ಎತ್ತಿ ಅವರ ತುಟಿಗೆ ತಾಗಿಸಿದ.

“ಅಜ್ಜಿ, ಬುತ್ತಿ.”

ಗಂಡ ಅವನ ಕೈ ಹಿಡಿಯಲು ಮುಂದೆ ಬಾಗಿದರು. ಅತ್ತೆ ಎಡಗೈಯಿಂದ ನನ್ನ ಗಂಡನನ್ನು ತಡೆದರು. ಕೊರಳ ಲಿಂಗವನ್ನು ಸೆರಗಿನೊಳಗೆ ಸರಿಸಿಕೊಂಡರು. ಕಣ್ಣು ಮುಚ್ಚಿ ಬಾಯಿ ತೆರೆದರು.

ಹಳದಿ ಒಣಗಿರುತ್ತದೆ, ಬೇಗ ಇಳಿಯುವುದಿಲ್ಲ. ಅವರು ತುಂಬ ಹೊತ್ತು ಅಗಿದರು. ನಾನು ನೀರಿನ ಲೋಟ ಹಿಡಿದುಕೊಂಡು ನಿಂತಿದ್ದೆ, ಕೊಡಲು ಧೈರ್ಯ ಬರಲಿಲ್ಲ. ಅವರ ಗಂಟಲು ಏರಿ ಇಳಿದದ್ದನ್ನು ಕಂಡ ಮೇಲೆ ಮಗ ದೊಡ್ಡದಾಗಿ ಬಾಯಿ ತೆರೆದ. ಅವರು ತುತ್ತಿಟ್ಟರು, ಅವನು ನುಂಗಿದ. ಇನ್ನೊಂದು ಇಟ್ಟರು, ಅದನ್ನೂ ನುಂಗಿದ. ತಟ್ಟೆ ಖಾಲಿಯಾಯಿತು.

ಆಮೇಲೆ ಅತ್ತೆ ತಲೆಯೆತ್ತಿ ನನ್ನನ್ನು ನೋಡಿದರು. ಕಣ್ಣು ತುಂಬಿತ್ತು. ಸಿಟ್ಟಿರಲಿಲ್ಲ, ನಿಜವಾಗಿ ತಿಳಿದುಕೊಳ್ಳಬೇಕು ಅನ್ನುವ ಹಾಗೆ ಕೇಳಿದರು.

“ಈಗ ಆ ಮರೀಗೆ ನಾನೂ ಕೂಸೂ ಇಬ್ರೂ ಬಾಕಿ ಆದ್ವಲ್ಲವ್ವ. ಇದನ್ನ ಯಾರು ತೀರಸ್ತಾರೆ?”

ನಾನು ಅವರ ತಟ್ಟೆಗೆ ಇನ್ನೊಂದು ರೊಟ್ಟಿ ಹಾಕಿದೆ.